ಕಿಲೋಗೆ ಎಷ್ಟು, ಎಷ್ಟು ದಿನ

ಅವರ ಎರಡೂ ಕೈ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಬೆಳ್ಳಗಿದ್ದವು. ತೊನ್ನು. ಮುಖ, ಕುತ್ತಿಗೆ, ತೋಳು ಎಲ್ಲ ಕಪ್ಪು. ಕೈಗಳು ಮಾತ್ರ ಸುಣ್ಣದ ಬಾನಿಯಲ್ಲಿ ಅದ್ದಿ ತೆಗೆದ ಹಾಗೆ. ಹೊಳಲ್ಕೆರೆ ಬಸ್ ನಿಲ್ದಾಣದ ಹತ್ತಿರದ ತಮ್ಮ ಮೆಡಿಕಲ್ ಶಾಪಿನಲ್ಲಿ ಆ ಕೈಗಳನ್ನು ಅವರು ಎಂದೂ ಮರೆಮಾಡಿದವರಲ್ಲ. ಯಾರಾದರೂ ಕೊಡಬಾರದ ಔಷಧಿ ಕೇಳಿದರೆ ಬಾಯಲ್ಲಿ ಇಲ್ಲ ಎನ್ನುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಕೌಂಟರಿನ ಗಾಜಿನ ಮೇಲೆ ಊರಿ ಸುಮ್ಮನೆ ನಿಲ್ಲುತ್ತಿದ್ದರು. ಬೆಳ್ಳಗಿನ ಹತ್ತು ಬೆರಳು ಗಾಜಿಗೆ ಅಂಟಿದವೆಂದರೆ ಇನ್ನು ಚರ್ಚೆಯಿಲ್ಲ. ಗೊತ್ತಿದ್ದವರು ಚೀಟಿ ಮಡಚಿಕೊಂಡು ಹೊರಡುತ್ತಿದ್ದರು. ಗೊತ್ತಿಲ್ಲದವರು ಬೈದು ಹೊರಡುತ್ತಿದ್ದರು.

ಊರಿನವರು ಅವರನ್ನು ಮೆಡಿಕಲ್ ಯಜಮಾನ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ನಾನು ಚಿತ್ರದುರ್ಗದಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿ ಸೇರಿ ನಂತರ ಅದರ ಸುದ್ದಿ ತಿದ್ದುವ ಡೆಸ್ಕಿಗೆ ಬಂದವನು. ಮನೆ ಹೊಳಲ್ಕೆರೆಯಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಅವರ ಪರಿಚಯವಾದದ್ದು ಗಿರಾಕಿಯಾಗಿ ಅಲ್ಲ, ವರದಿಗಾರನಾಗಿ. ಸುಮಾರು ಹತ್ತು ವರ್ಷದ ಹಿಂದೆ ಹೊಸದುರ್ಗದ ಕಡೆ ಒಬ್ಬಾತ ಮಂಡಿನೋವಿಗೆ ಪುಡಿ ಕೊಡುತ್ತಿದ್ದ. ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋದವರು ಹಾಗೇ ಅವನ ಮನೆಗೂ ಹೋಗಿ ಪೊಟ್ಟಣ ತರುತ್ತಿದ್ದರು, ಹಿರಿಯೂರಿನಿಂದಲೂ ಜನ ಬರುತ್ತಿದ್ದರು. ಮೂರನೇ ದಿನಕ್ಕೆ ಮಂಡಿ ಮಡಚುತ್ತಿತ್ತು, ಹಸಿವು ಹೆಚ್ಚುತ್ತಿತ್ತು, ಕೆನ್ನೆ ತುಂಬುತ್ತಿತ್ತು. ವರ್ಷ ಕಳೆದ ಮೇಲೆ ಸಕ್ಕರೆ ಕಾಯಿಲೆ, ಮುರಿಯುವ ಮೂಳೆ, ಆರದ ಗಾಯ. ಆ ಪುಡಿಯಲ್ಲಿ ಸ್ಟೆರಾಯ್ಡ್ ಮಾತ್ರೆ ಅರೆದು ಸೇರಿಸಿದ್ದಾರೆಂದು ನನಗೆ ವಿವರಿಸಿ ಹೇಳಿದ ಮೊದಲ ವ್ಯಕ್ತಿ ಯಜಮಾನರು. ಅದೇ ಮಾತ್ರೆಯನ್ನು ಚೀಟಿಯಿಲ್ಲದೆ ಕೇಳಿಕೊಂಡು ಬರುವ ಮುದುಕಿಯರನ್ನು ಅವರು ದಿನವೂ ವಾಪಸು ಕಳಿಸುತ್ತಿದ್ದರು.

ನಾನು ಬರೆದುಕೊಳ್ಳುತ್ತಿದ್ದಾಗ ಅವರು ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗಲೂ ಇದೆ: "ಔಷಧಿ ಕೆಟ್ಟದ್ದಲ್ಲ ಕಣಪ್ಪ. ಅಳತೆ ಇಲ್ದೆ ಕೊಡಾದು ಕೆಟ್ಟದ್ದು. ಯಾರಿಗೆ, ಕಿಲೋಗೆ ಎಷ್ಟು, ಎಷ್ಟು ದಿನ. ಈ ಮೂರು ಗೊತ್ತಿದ್ರೆ ಅದು ಜೀವ ಉಳಿಸ್ತೈತೆ. ಇನ್ನೊಂದು ಬರ್ಕ. ತಗಳ್ತಿರೋರು ದಿಢೀರಂತ ನಿಲ್ಸಿದ್ರೂ ಸಾಯ್ತಾರೆ. ಇದ್ನ ಬಿಡಬ್ಯಾಡ."

ನಾನು ಬಿಟ್ಟೆ. ಪುಟಕ್ಕೆ ಕೊನೆಯ ಹೊತ್ತಿಗೆ ಜಾಹೀರಾತು ಬಂದಿತ್ತು. ಕಡೆಯ ಪ್ಯಾರಾ ಹೊಡೆದುಹಾಕಿದೆ, ಶೀರ್ಷಿಕೆ ದಪ್ಪ ಮಾಡಿದೆ: 'ಸ್ಟೆರಾಯ್ಡ್: ಪೊಟ್ಟಣದಲ್ಲಿ ಬರುವ ವಿಷ'. ವರದಿಗೆ ಹೆಸರು ಬಂತು. ಪುಡಿಯವನು ಊರು ಬಿಟ್ಟ. ಯಜಮಾನರು ಪತ್ರಿಕೆಯನ್ನು ಗಾಜಿನ ಮೇಲೆ ಹರಡಿಕೊಂಡು ಎರಡು ಸಲ ಓದಿ, "ಅರ್ಧ ಹಾಕೀಯ" ಎಂದರು. ಜಾಗ ಇರಲಿಲ್ಲ ಎಂದೆ. "ಹೌದೇನು" ಎಂದು ಪತ್ರಿಕೆ ಮಡಚಿಟ್ಟರು. ಮತ್ತೆ ಆ ವಿಷಯ ಎತ್ತಲಿಲ್ಲ.

ನನಗೆ ರಕ್ತದ ಕ್ಯಾನ್ಸರ್ ಇದೆಯೆಂದು ಗೊತ್ತಾದದ್ದು ಕಳೆದ ವರ್ಷ, ನಲವತ್ತಾರನೇ ವಯಸ್ಸಿನಲ್ಲಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೀಮೋ ಕೊಟ್ಟು, ಆಮೇಲೆ ತಮ್ಮನ ಮಜ್ಜೆಯ ಕಣಗಳನ್ನು ನನಗೆ ಹಾಕಿದರು. ತಮ್ಮ ಹಿರೇಗುಂಟನೂರಿನಲ್ಲಿ ಅವ್ವನ ತವರಿನ ಹೊಲ ನೋಡಿಕೊಂಡಿದ್ದಾನೆ. ಆಸ್ಪತ್ರೆ ಪಕ್ಕದ ಬಾಡಿಗೆ ಕೋಣೆಯಲ್ಲಿ ನೂರು ದಿನ ಕಳೆದು ಮನೆಗೆ ಬಂದೆ. ಮೂರನೇ ವಾರ ಅಂಗೈ ಅಂಗಾಲು ಕೆಂಪಾದವು, ಬೆನ್ನ ತುಂಬ ದದ್ದು, ಮೇಲೆ ಭೇದಿ. ವಾಪಸು ಬೆಂಗಳೂರು. ಡಾಕ್ಟರು ಸರಳವಾಗಿ ಹೇಳಿದರು: ತಮ್ಮನ ಕಣಗಳು ನನ್ನೊಳಗೆ ಬೇರೂರಿವೆ, ಆದರೆ ನನ್ನ ಚರ್ಮವನ್ನೂ ಕರುಳನ್ನೂ ಹೊರಗಿನದೆಂದು ತಿಳಿದು ಅವುಗಳ ಮೇಲೆ ಬಿದ್ದಿವೆ. ಅವನ್ನು ಸುಮ್ಮನಾಗಿಸಲು ಮೊದಲ ಔಷಧಿ ಸ್ಟೆರಾಯ್ಡ್.

ತಮ್ಮ ಫೋನಿನಲ್ಲಿ ನಕ್ಕ. "ಚಿಕ್ಕೋನಿದ್ದಾಗ ನನ್ನ ಬುಗುರಿ ಬಾವಿಗೆ ಎಸೆದಿದ್ದೆಯಲ್ಲೋ ಅಣ್ಣ. ನನ್ನ ರಕ್ತ ಮರ್ತಿಲ್ಲ ನೋಡು."

ಮೊದಲ ವಾರ ದೇಹದ ತೂಕದ ಕಿಲೋಗೆ ದಿನಕ್ಕೆ ಎರಡು ಮಿಲಿಗ್ರಾಂ ಲೆಕ್ಕದಲ್ಲಿ ಡ್ರಿಪ್‌ನಲ್ಲಿ ಕೊಟ್ಟರು. ದದ್ದು ಹಿಂಜರಿಯಿತು, ಭೇದಿ ನಿಂತಿತು. ಆಮೇಲೆ ಡೋಸನ್ನು ಹಂತಹಂತವಾಗಿ ಇಳಿಸಿ, ಕಿಲೋಗೆ ಒಂದರ ಲೆಕ್ಕಕ್ಕೆ ಬಂದಾಗ ಮಾತ್ರೆ ಬರೆದು ಮನೆಗೆ ಕಳಿಸಿದರು. ನನ್ನ ತೂಕ ಅರವತ್ತು. ದಿನಕ್ಕೆ ಅರವತ್ತು ಮಿಲಿಗ್ರಾಂ, ಅಂದರೆ ಹತ್ತರ ಆರು ಮಾತ್ರೆ. ಅಲ್ಲಿಂದ ವಾರಕ್ಕೆ ಐದೈದು ಮಿಲಿಗ್ರಾಂ ಇಳಿಸುವುದು. ಬೇಗ ಇಳಿಸಿದರೆ ಆ ಕಣಗಳು ಮತ್ತೆ ಏಳುತ್ತವೆ. ನಿಧಾನವಾದರೆ ಸೋಂಕು ಕಾದಿರುತ್ತದೆ, ಏಕೆಂದರೆ ಅದೇ ಮಾತ್ರೆ ನನ್ನನ್ನು ಕಾಯಬೇಕಾದ ಶಕ್ತಿಯನ್ನೂ ಕಟ್ಟಿಹಾಕಿರುತ್ತದೆ. ಬಿಟ್ಟೇಬಿಡೋಣ ಎಂದರೆ ಮೈ ಅಷ್ಟರೊಳಗೆ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಮೂರು ಕಡೆಯೂ ಗೋಡೆ. ನಾಲ್ಕನೆಯ ಕಡೆ ಆ ಚೀಟಿ.

ಚೀಟಿ ಹಿಡಿದು ಅಂಗಡಿಗೆ ಹೋದವಳು ನನ್ನ ಹೆಂಡತಿ. ಹೊರಕೆರೆದೇವಪುರದ ಹತ್ತಿರದ ಹಳ್ಳಿಯೊಂದರಲ್ಲಿ ಅವಳು ಶಾಲಾ ಶಿಕ್ಷಕಿ. ಅಂದು ನಡೆದದ್ದನ್ನು ಅವಳು ಹೇಳಿದ ಹಾಗೇ ದಾಖಲಿಸುತ್ತೇನೆ. ಯಜಮಾನರು ಚೀಟಿ ನೋಡಿದರು. ಎರಡೂ ಕೈ ಗಾಜಿನ ಮೇಲೆ ಊರಿದರು.

"ತಪ್ಪು ಬರ್ದಾರೆ ತಾಯಿ. ಒಬ್ರಿಗೆ ದಿನಕ್ಕೆ ಇಷ್ಟು ನಾನು ಕೊಟ್ಟೇ ಇಲ್ಲ."

"ತಪ್ಪಲ್ಲ ಯಜಮಾನ್ರೇ, ದೊಡ್ಡ ಡಾಕ್ಟ್ರೇ ಬರೆದಿದ್ದಾರೆ."

"ದೊಡ್ಡೋರು ಸಣ್ಣೋರು ಬ್ಯಾಡ. ಆಸ್ಪತ್ರೆ ಕಾಗದ ಎಲ್ಲ ತಂದೀಯಾ? ಕುಂತ್ಕ."

ಬಿಡುಗಡೆಯ ವರದಿಯ ಅಷ್ಟೂ ಪುಟ ಓದಿದರು. ಗಿರಾಕಿಗಳು ನಿಂತಿದ್ದರು, ಅವರಿಗೂ ಕುಳಿತುಕೊಳ್ಳಲು ಹೇಳಿದರು. ವರದಿಯ ಕೆಳಗಿದ್ದ ನಂಬರಿಗೆ ತಾವೇ ಫೋನ್ ಮಾಡಿ, ಮೂರು ಜನರನ್ನು ದಾಟಿ, ಡಾಕ್ಟರನ್ನು ಹಿಡಿದು ಕೇಳಿದ್ದು ಎರಡೇ ಪ್ರಶ್ನೆ: ತೂಕ ಎಷ್ಟು ಹಿಡಿದಿದ್ದೀರಿ, ಎಷ್ಟು ದಿನಕ್ಕೆ ಎಷ್ಟು ಇಳಿಸಬೇಕು. ಉತ್ತರ ಬರೆದುಕೊಂಡರು. ಆಮೇಲೆ ಗಾಜಿನಿಂದ ಕೈ ತೆಗೆದರು.

ಅವರು ಕೊಟ್ಟದ್ದು ಸ್ಟ್ರಿಪ್‌ಗಳನ್ನಲ್ಲ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಮಾಡಿದ ಪುಟ್ಟ ಪುಟ್ಟ ಲಕೋಟೆಗಳು, ಒಂದೊಂದರ ಮೇಲೆ ತಾರೀಕು, ಒಳಗೆ ಆ ದಿನದ ಮಾತ್ರೆ. ಒಂದು ವಾರಕ್ಕೆ ಏಳು. ಖಾಲಿ ಲಕೋಟೆ ಏಳೂ ವಾಪಸು ಬಂದರೆ ಮಾತ್ರ ಮುಂದಿನ ವಾರದ್ದು. ಕ್ಷಯದ ಮಾತ್ರೆ ಒಯ್ಯುವವರಿಗೂ ಅವರು ಇದೇ ನಿಯಮ ಇಟ್ಟಿದ್ದರು. ಔಷಧಿ ಹೊಟ್ಟೆಗೆ ಹೋಯಿತೋ ಕಪಾಟಿಗೆ ಹೋಯಿತೋ ತಿಳಿಯಲು ಅವರಿಗೆ ಗೊತ್ತಿದ್ದ ದಾರಿ ಅದು.

ನನ್ನ ಕೋಣೆ ಬೀದಿಯ ಕಡೆಗಿದೆ. ಹತ್ತಡಿಗೆ ಹನ್ನೊಂದಡಿ. ಕಿಟಕಿಗೆ ಹೊಸದಾಗಿ ಸೊಳ್ಳೆ ಜಾಲರಿ ಹೊಡೆಸಿದ್ದರು. ಮನೆಯವರ ಹೊರತು ಒಳಗೆ ಯಾರೂ ಬರುವಂತಿಲ್ಲ, ಹೂವು ಹಣ್ಣು ತರುವಂತಿಲ್ಲ, ಕುದಿಸದ ನೀರು, ಬೇಯಿಸದ ಕೊತ್ತಂಬರಿ ಕೂಡ ಇಲ್ಲ. ನಾನೂ ಹೊರಗೆ ಹೋಗುವಂತಿಲ್ಲ. ಬಸ್ ನಿಲ್ದಾಣದಿಂದ "ದುರ್ಗ, ದುರ್ಗ" ಎಂದು ಕೂಗುವುದು ಕೇಳಿಸುತ್ತಿತ್ತು. ನಾನು ಹತ್ತುತ್ತಿದ್ದ ಬಸ್ಸು ಹೊರಡುವ ಹೊತ್ತು ಗಡಿಯಾರ ನೋಡದೆ ಗೊತ್ತಾಗುತ್ತಿತ್ತು. ಅರವತ್ತು ಮಿಲಿಗ್ರಾಂ ಮನುಷ್ಯನಿಗೆ ಏನು ಮಾಡುತ್ತದೆಂಬುದನ್ನು ಈಗ ನಾನು ಕೇಳಿ ಬರೆಯುವ ಅಗತ್ಯವಿರಲಿಲ್ಲ. ನಿದ್ದೆ ಬರುವುದಿಲ್ಲ. ತಟ್ಟೆ ಖಾಲಿಯಾದ ಹತ್ತೇ ನಿಮಿಷಕ್ಕೆ ಹಸಿವು. ಕನ್ನಡಿಯಲ್ಲಿ ಬೇರೊಬ್ಬನ ದುಂಡು ಮುಖ. ತೊಡೆ ಸೋತು, ನೆಲದಲ್ಲಿ ಕುಳಿತರೆ ಏಳಲು ಮಂಚದ ಕಾಲು ಹಿಡಿಯಬೇಕು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಒಂದು ದಿನ ಅದನ್ನು ಗೋಡೆಗೆ ಎಸೆದೆ. ಅದು ಪೂರ್ತಿ ಅವನ ಸಿಟ್ಟಲ್ಲ, ಅರ್ಧ ಆ ಮಾತ್ರೆಯದು ಎಂದು ಯಜಮಾನರು ಹೆಂಡತಿಗೆ ಹೇಳಿ ಕಳಿಸಿದ್ದರು.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವರೇ ಬರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಕಿಟಕಿಯ ಹೊರಗೆ ರಸ್ತೆಯಲ್ಲಿ ಮಾಸ್ಕ್ ಹಾಕಿಕೊಂಡು ನಿಂತು, "ಏನಪ್ಪ ಪೇಪರು, ಏನು ಸುದ್ದಿ?" ಎನ್ನುತ್ತಿದ್ದರು. ನಾನು ದಿನದಿನದ ರಕ್ತದ ಸಕ್ಕರೆ ಬರೆದಿಟ್ಟ ಪುಸ್ತಕವನ್ನು ಜಾಲರಿಗೆ ಒತ್ತಿ ಹಿಡಿಯುತ್ತಿದ್ದೆ.

ಮೊದಲ ವಾರ ಹೆಂಡತಿ ರಜೆಯ ಮೇಲಿದ್ದು ಮಾತ್ರೆ ಕೊಟ್ಟಳು. ಆಮೇಲೆ ಅವಳಿಗೆ ಶಾಲೆ. ಏಳೂವರೆಯ ಬಸ್ಸಿಗೆ ಹೋಗಬೇಕು. ಬೆಳಗಿನ ತಿಂಡಿ, ಮಾತ್ರೆ ಅವ್ವನ ಪಾಲಿಗೆ ಬಂತು. ಅವ್ವನಿಗೆ ಎಪ್ಪತ್ತೆರಡು. ನಾಲ್ಕನೇ ತರಗತಿಯವರೆಗೆ ಓದಿದ್ದಾಳೆ. ಇಡೀ ಜಿಲ್ಲೆಯಲ್ಲಿ ನನ್ನ ಪತ್ರಿಕೆಯನ್ನು ಮೊದಲ ಅಕ್ಷರದಿಂದ ಮುದ್ರಕರ ಹೆಸರಿನ ತನಕ ಓದುವ ಓದುಗರು ಯಾರಾದರೂ ಇದ್ದರೆ ಅವಳೊಬ್ಬಳೇ.

ಆ ವಾರದ ಭಾನುವಾರ ಯಜಮಾನರು ಬರಲಿಲ್ಲ. ಹೊಸದುರ್ಗದಲ್ಲಿ ನೆಂಟರ ಮದುವೆ. ಮುಂದಿನ ಭಾನುವಾರ ಬಂದರು. ಆ ಹೊತ್ತಿಗೆ ನನಗೆ ಒಳ್ಳೆಯ ದಿನಗಳು ಶುರುವಾಗಿದ್ದವು. ನಾನೇ ಕಿಟಕಿಯ ಹತ್ತಿರ ಹೋಗಿ ನಿಂತಿದ್ದೆ.

"ನಿದ್ದೆ?"

"ಆರು ಗಂಟೆ ಮಲಗ್ತೀನಿ ಯಜಮಾನ್ರೇ. ಒಂದೇ ನಿದ್ದೆ."

"ಹಸಿವು?"

"ಹದಕ್ಕೆ ಬಂದೈತೆ."

ಸಕ್ಕರೆಯ ಪುಸ್ತಕ ಹಿಡಿದೆ. ಇನ್ನೂರರ ಮೇಲಿದ್ದದ್ದು ನೂರ ಮೂವತ್ತರ ಆಸುಪಾಸಿಗೆ ಇಳಿದಿತ್ತು. ಒಳ್ಳೆಯ ಸುದ್ದಿ ಕೊಡುವವನ ಹಾಗೆ ನಾನು ನಗುತ್ತಿದ್ದೆ. ಬಾಗಿಲ ಬಳಿ ಅವ್ವನೂ ನಗುತ್ತಿದ್ದಳು. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರು.

"ನೀನು ಇಷ್ಟು ಚೆನ್ನಾಗಿರಾಕೆ ಆಗಲ್ಲಪ್ಪ," ಎಂದರು. "ಐವತ್ತು ಮಿಲಿಗ್ರಾಂ ತಗಳ್ಳಾ ಮನುಷ್ಯ ಹಿಂಗಿರಲ್ಲ. ಅಂಗೈ ತೋರ್ಸು."

ತೋರಿಸಿದೆ. ನಾನು ಆ ದಿನ ಬೆಳಿಗ್ಗೆಯೇ ನೋಡಿದ್ದೆ, ಸ್ವಲ್ಪ ಕೆಂಪಾಗಿತ್ತು. ಬಿಸಿನೀರಿನಿಂದ ಎಂದುಕೊಂಡಿದ್ದೆ.

"ಹೊಟ್ಟೆ?"

"ನಿನ್ನೆಯಿಂದ ಎರಡು ಮೂರು ಸಲ."

"ಅದ್ನ ಕೊನೆಗೆ ಹೇಳ್ತೀಯಲ್ಲೋ. ಪೇಪರ್ನಾಗೆ ಹಿಂಗೇ ಬರೀತೀಯಾ?" ಎಂದವರು, ನನ್ನನ್ನು ದಾಟಿ ಬಾಗಿಲ ಕಡೆ ನೋಡಿದರು. "ಅಕ್ಕಾರೆ, ಒಸಿ ಹೊರಗೆ ಬರ್ರಿ. ಬೆಳಗಿನ ಮಾತ್ರೆ ಕೊಡಾದು ನೀವೇ ಅಲ್ವಾ?"

ಅವ್ವ ಹೋಗಿ ಕಟ್ಟೆಯ ಮೇಲೆ ನಿಂತಳು. ಅವಳ ಮುಖದಲ್ಲಿ ಅಳುಕಿರಲಿಲ್ಲ. "ಕೊಡ್ತೀನಿ ಯಜಮಾನ್ರೇ. ದಿನಾ ಕೊಡ್ತೀನಿ."

"ಲಕೋಟೇಲಿರಾವೆಲ್ಲ?"

ಅವ್ವ ಒಳಗೆ ಹೋದಳು. ದೇವರ ಗೂಡಿನಿಂದ ಕುಂಕುಮದ ಹಳೆಯ ಭರಣಿ ತಂದು ಅವರ ಕೈಗೆ ಕೊಟ್ಟಳು. ಭರಣಿ ತುಂಬ ಬಿಳಿ ಮಾತ್ರೆ. ಔಷಧಿಯನ್ನು ಬಿಸಾಡಬಾರದೆಂದು ದೇವರ ಮುಂದೆ ಇಟ್ಟಿದ್ದಳು. ಯಜಮಾನರು ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಎಣಿಸಿದರು. ಮೂವತ್ತೊಂಬತ್ತು. ದಿನಕ್ಕೆ ಮೂರರಂತೆ ಹದಿಮೂರು ದಿನ. ನನಗೆ ಸಂದದ್ದು ಹೆಚ್ಚುಕಡಿಮೆ ಅರ್ಧ.

ನಾನು ಆ ದಿನಗಳಲ್ಲಿ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಮಾತ್ರೆ ನುಂಗುತ್ತಿದ್ದೆ. ಅವ್ವ ಬಟ್ಟಲಲ್ಲಿ ಕೊಡುತ್ತಿದ್ದಳು, ನಾನು ನುಂಗುತ್ತಿದ್ದೆ. ಊರಿನವರ ಲೆಕ್ಕವನ್ನೆಲ್ಲ ಕೇಳಿ ಕೇಳಿ ಬರೆದವನು ನನ್ನ ಬಟ್ಟಲಲ್ಲಿ ಏನಿದೆಯೆಂದು ಒಂದು ದಿನವೂ ನೋಡಿರಲಿಲ್ಲ.

"ಯಾಕವ್ವ?" ಎಂದೆ. ಕೂಗಿದೆ ಎನ್ನುವುದೇ ಸರಿ.

ಅವ್ವ ಮತ್ತೆ ಒಳಗೆ ಹೋಗಿ ಇನ್ನೊಂದು ವಸ್ತು ತಂದಳು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಪತ್ರಿಕೆಯ ತುಣುಕು. ಹಳದಿಯಾಗಿತ್ತು. ಶೀರ್ಷಿಕೆ ನಾನು ಇಟ್ಟದ್ದು, ಕೆಳಗೆ ನನ್ನ ಹೆಸರು.

"ನೀನೇ ಬರ್ದಿದ್ದಲ್ಲೋ ಲೇ," ಎಂದಳು. "ವಿಷ ಅಂತ. ಮುಖ ಊದ್ತೈತೆ, ಮೂಳೆ ಮುರೀತೈತೆ, ಸಕ್ಕರೆ ಬರ್ತೈತೆ ಅಂತ ಎಲ್ಲ ಬರ್ದೀಯ. ನಿನ್ಗೆ ಎಲ್ಲಾನೂ ಬಂತು. ಆಸ್ಪತ್ರೆಯೋರು ನಿನ್ಗೆ ಅದೇ ಕೊಡಾಕೆ ಹತ್ಯಾರೆ. ಹೇಳಿದ್ರೆ ಸಿಟ್ಟು ಮಾಡ್ತೀಯ. ಪೂರಾ ನಿಲ್ಸಿದ್ರೆ ಹೆಂಗೋ ಏನೋ ಅಂತ ಅರ್ಧ ಕೊಟ್ಟೆ. ಆಮೇಲೆ ನಿನ್ಗೆ ನಿದ್ದೆ ಬಂತು. ಸಕ್ಕರೆ ಇಳೀತು. ನೀನು ಬರ್ದಿದ್ದು ಸುಳ್ಳಾ?"

ಬರೆದದ್ದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ.

ಯಜಮಾನರು ಅವ್ವನನ್ನು ಕಟ್ಟೆಯ ಮೇಲೆ ಕುಳ್ಳಿರಿಸಿದರು. ತಾವು ಒಂದು ಮೆಟ್ಟಿಲು ಕೆಳಗೆ ಕುಳಿತರು. ಆಗ ಅವರು ಹೇಳಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಅವರು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲವೆಂದು ಆಮೇಲೆ ತಿಳಿಯಿತು.

"ಅಕ್ಕಾರೆ, ಈ ಕೈ ನೋಡ್ರಿ. ಇಪ್ಪತ್ತೊಂದು ವರ್ಷಕ್ಕೆ ಶುರುವಾತು. ಹೆಣ್ಣು ಕೊಡಾಕೆ ಬಂದೋರು ನನ್ನ ಕೈ ನೋಡಿ ಕಾಫಿ ಲೋಟ ಕೆಳಗಿಟ್ಟು ಹೋದ್ರು. ನಮ್ಮಪ್ಪ ಒಬ್ಬನ ತಾವ ಕರ್ಕಂಡೋದ. ಅವನೂ ಪುಡಿನೇ ಕೊಟ್ಟ. ಆರು ತಿಂಗಳು ತಿಂದೆ. ಹಲಸಿನಹಣ್ಣು ಆದಂಗೆ ಆದೆ. ಕೈ ಮಾತ್ರ ಹಂಗೇ ಐತೆ. ಸಿಟ್ಟು ಬಂದು ಒಂದು ದಿನ ಎಲ್ಲ ಚರಂಡಿಗೆ ಸುರಿದೆ. ನಾಕನೇ ದಿನ ಬಿದ್ದೆ. ವಾಂತಿ, ನಾಡಿ ಸಿಗ್ತಿಲ್ಲ. ಸರ್ಕಾರಿ ಆಸ್ಪತ್ರೆ ಡಾಕ್ಟ್ರು ಅದೇ ಔಷಧೀನ ಸೂಜೀಲಿ ಚುಚ್ಚಿ ಎಬ್ಬಿಸಿದ್ರು. ಅದೇ ಔಷಧಿ ಅಕ್ಕಾರೆ. ಅದ್ನ ತಿಂದು ಕೆಟ್ಟೆ, ಅದ್ನ ಬಿಟ್ಟು ಸಾಯ್ತಿದ್ದೆ, ಅದ್ರಿಂದ್ಲೇ ಬದುಕ್ದೆ. ಅವತ್ತೇ ಮೆಡಿಕಲ್ ಶಾಪು ಇಡ್ಬೇಕು ಅನ್ಕಂಡಿದ್ದು."

ಅವ್ವ ಕೇಳಿಸಿಕೊಂಡಳು. "ಹಂಗಾದ್ರೆ ಇವನು ಯಾಕೆ ಅದ್ನ ಬರೀಲಿಲ್ಲ?" ಎಂದಳು.

ಯಜಮಾನರು ಕಿಟಕಿಯ ಕಡೆ ತಿರುಗಲಿಲ್ಲ. "ಜಾಗ ಇರ್ಲಿಲ್ಲಂತೆ" ಎಂದರು. ಅವರ ದನಿಯಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಲ್ಲಿಯೇ ನಿಂತು ಬೆಂಗಳೂರಿಗೆ ಫೋನ್ ಮಾಡಿದರು. ಇವತ್ತಿನ ಪೂರ್ತಿ ಡೋಸ್ ಈಗಲೇ ಕೊಟ್ಟು ಕರೆದುಕೊಂಡು ಬನ್ನಿ ಎಂದರು ಡಾಕ್ಟರು. ಬೆಳಿಗ್ಗೆ ಕಡಿಮೆಯಾಗಿದ್ದ ಮೂರು ಮಾತ್ರೆಯನ್ನು ಯಜಮಾನರು ಭರಣಿಯಿಂದಲೇ ತೆಗೆದು ಕೊಟ್ಟರು. ಒಂದು ಗಂಟೆಯೊಳಗೆ ಕಾರು ಬಂತು. ಹಿರಿಯೂರು ದಾಟುವಷ್ಟರಲ್ಲಿ ಮೂರು ಸಲ ನಿಲ್ಲಿಸಬೇಕಾಯಿತು. ಆಸ್ಪತ್ರೆ ತಲುಪಿದಾಗ ಭೇದಿಯಲ್ಲಿ ರಕ್ತವಿತ್ತು. ಇನ್ನು ಎರಡು ದಿನ ತಡವಾಗಿದ್ದರೆ ಕರುಳನ್ನು ಸಂಭಾಳಿಸುವುದು ಕಷ್ಟವಿತ್ತು ಎಂದು ಡಾಕ್ಟರು ಹೆಂಡತಿಗೆ ಹೇಳಿದರು. ಸ್ಟೆರಾಯ್ಡ್‌ಗೆ ಬಗ್ಗದಿದ್ದರೆ ಬೇರೆ ಔಷಧಿ ಇದೆ, ಆದರೆ ಆ ಹಂತಕ್ಕೆ ಹೋದವರ ದಾರಿ ಕಠಿಣ ಎಂದೂ ಹೇಳಿದರು. ಮತ್ತೆ ಕಿಲೋಗೆ ಎರಡು. ಐದು ದಿನ ಏನೂ ಬದಲಾಗಲಿಲ್ಲ. ಡಾಕ್ಟರು ಪ್ರತಿ ಬೆಳಿಗ್ಗೆ ಬಂದು ಭೇದಿಯ ಪ್ರಮಾಣ ಕೇಳಿ, ಬರೆದುಕೊಂಡು ಹೋಗುತ್ತಿದ್ದರು. ಆರನೇ ದಿನ ಕಡಿಮೆಯಾಯಿತು.

ಮೂರು ವಾರದ ಮೇಲೆ ಅದೇ ಕೋಣೆಗೆ, ಅದೇ ಅರವತ್ತು ಮಿಲಿಗ್ರಾಂಗೆ ವಾಪಸು ಬಂದೆ. ಇಳಿದಿದ್ದ ಮೆಟ್ಟಿಲನ್ನೆಲ್ಲ ಮತ್ತೆ ಮೊದಲಿನಿಂದ ಇಳಿಯಬೇಕಿತ್ತು.

ಇನ್ನು ಮಾತ್ರೆಯ ಕೆಲಸ ಅವ್ವನ ಕೈಗೆ ಬೇಡ ಎಂದು ಹೆಂಡತಿ ದೀರ್ಘ ರಜೆಗೆ ಅರ್ಜಿ ಬರೆದಿದ್ದಳು. ಯಜಮಾನರು ಒಪ್ಪಲಿಲ್ಲ. "ಆ ಕೆಲ್ಸ ಅಕ್ಕಾರದೇ. ಈಗ ಅವರಷ್ಟು ಸರಿಯಾಗಿ ಕೊಡೋರು ಜಿಲ್ಲೇಲಿ ಯಾರೂ ಇಲ್ಲ" ಎಂದರು. ಅವ್ವನಿಗೆ ಹತ್ತರ ಮಾತ್ರೆ, ಐದರ ಮಾತ್ರೆ ಬೇರೆ ಬೇರೆ ತೋರಿಸಿ, ಯಾವ ವಾರ ಎಷ್ಟು ಎಂಬ ಚಾರ್ಟ್ ಬರೆದುಕೊಟ್ಟು, ತೂಕದ ಲೆಕ್ಕ ಹೇಳಿಕೊಟ್ಟರು. ಅವ್ವ ಅದನ್ನು ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಳು. ಆದರೂ ಅವರು ನಂಬಿಕೆಯನ್ನು ಒಂದೇ ಕಡೆ ಇಡಲಿಲ್ಲ. ಪ್ರತಿದಿನ ಎಂಟೂವರೆಗೆ, ಅಂಗಡಿಯ ಬಾಗಿಲು ತೆಗೆಯುವ ಮೊದಲು, ಕಿಟಕಿಯ ಹೊರಗೆ ಬಂದು ನಿಲ್ಲುತ್ತಿದ್ದರು. ನಾನು ಒಂದೊಂದೇ ಮಾತ್ರೆ ತೋರಿಸಿ ನುಂಗಬೇಕು.

"ಬಾಯಿ ತೆಗಿ. ನಾಲಿಗೆ ಎತ್ತು. ಹ್ಞೂಂ."

ಒಂದು ತಿಂಗಳಾಗುವಷ್ಟರಲ್ಲಿ ನನಗೆ ಆ ಹ್ಞೂಂ ಸಹಿಸಲಾಗಲಿಲ್ಲ. ನಲವತ್ತಾರರ ಗಂಡಸು ಶಾಲೆಯ ಹುಡುಗನ ಹಾಗೆ ಬೀದಿಗೆ ಬಾಯಿ ತೆರೆದು ನಿಲ್ಲುವುದು. ಒಂದು ಬೆಳಿಗ್ಗೆ ಕೂಗಾಡಿಬಿಟ್ಟೆ.

"ನೀವೇನು ಜೈಲರಾ? ಯಾರು ಕೇಳಿದ್ರು ನಿಮ್ಮನ್ನ? ಸಾಯೋದಿದ್ರೆ ಸಾಯ್ತೀನಿ, ನಿಮಗೇನು ನಷ್ಟ?"

ಹಾಲು ತರುವವರು, ಎದುರು ಮನೆಯವರು ಎಲ್ಲ ನಿಂತರು. ಯಜಮಾನರು ಮಾಸ್ಕ್ ಸರಿಮಾಡಿಕೊಂಡರು.

"ಜೈಲು ಅಂತ್ಲೇ ಅನ್ಕಳಪ್ಪ. ಬಿಡುಗಡೆ ತಾರೀಕು ಚಾರ್ಟಿನಾಗೆ ಐತೆ. ಕೂಗಾಡಿದ್ರೆ ಮುಂದಕ್ಕೆ ಹೋಗ್ತೈತೆ." ನನ್ನ ಅಂಗೈಯತ್ತ ಬೆರಳು ಮಾಡಿ, "ಐದರದ್ದು ಇನ್ನೊಂದು ಉಳಿದೈತೆ. ಬಾಯಿ ತೆಗಿ."

ತೆಗೆದೆ. ಎದುರು ಮನೆಯವರು ನಕ್ಕರು. ನನಗೂ ನಗು ಬಂತು, ಮಾತ್ರೆ ನೆತ್ತಿಗೇರಿತು.

ತಾರೀಕು ಮುಂದಕ್ಕೆ ಹೋಗದೆ ಇರಲಿಲ್ಲ. ಒಮ್ಮೆ ಶ್ವಾಸಕೋಶದ ಸೋಂಕು, ಒಮ್ಮೆ ದದ್ದಿನ ಸುಳಿವು. ಎರಡು ಸಲ ಇಳಿಸುವುದನ್ನು ನಿಲ್ಲಿಸಿದರು. ಪ್ರತಿ ಸಲವೂ ಅವರು ಹೊಸ ಚಾರ್ಟ್ ಬರೆದು ತಂದು ಜಾಲರಿಗೆ ಹಿಡಿದರು. ಹಳೆಯದನ್ನು ನನ್ನ ಕಣ್ಣೆದುರು ಹರಿಯದೆ ಜೇಬಿಗೆ ಹಾಕಿಕೊಂಡು ಹೋದರು. ಧೈರ್ಯ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಒಳ್ಳೇದಾಗ್ತೈತೆ ಎಂದು ಒಂದು ದಿನವೂ ಹೇಳಲಿಲ್ಲ. "ಇವತ್ತಿಂದು ಆತು" ಎನ್ನುತ್ತಿದ್ದರು. ಅಷ್ಟೇ.

ನಾನು ಹತ್ತು ಮಿಲಿಗ್ರಾಂಗೆ ಬಂದು ಎರಡನೇ ವಾರ ಇರಬೇಕು. ಒಂದು ಬುಧವಾರ ಎಂಟೂವರೆಯಾಯಿತು, ಅವರು ಬರಲಿಲ್ಲ. ಅಂಗೈಯಲ್ಲಿ ಒಂದೇ ಮಾತ್ರೆ. ಒಂಬತ್ತರವರೆಗೆ ಕಾದೆ. ಅವ್ವ ನುಂಗು ಎಂದಳು, ನಾನು ತಡಿ ಎಂದೆ. ಅಷ್ಟರಲ್ಲಿ ಎದುರು ಮನೆಯವರು ರಸ್ತೆಯಿಂದಲೇ ಹೇಳಿದರು. ಬೆಳಿಗ್ಗೆ ಹಲ್ಲುಜ್ಜಿ ಬಂದು ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲವಂತೆ. ಹೃದಯ. ಅರವತ್ತೆಂಟು ವಯಸ್ಸು.

ನಾನು ಮಾತ್ರೆ ನುಂಗಿ ಡಾಕ್ಟರಿಗೆ ಫೋನ್ ಮಾಡಿದೆ. ಹತ್ತು ನಿಮಿಷ ಹೋಗಿ ಬರುತ್ತೇನೆ, ದೂರ ನಿಲ್ಲುತ್ತೇನೆ, ಎರಡು ಮಾಸ್ಕ್ ಹಾಕುತ್ತೇನೆ ಎಂದೆ. ಡಾಕ್ಟರು ಕೇಳಿಸಿಕೊಂಡು ಬೇಡ ಎಂದರು. ನೆರೆದ ಜನರ ನಡುವೆ ನಿಮಗೆ ಏನು ಅಂಟುತ್ತದೆಂದು ಹೇಳಲಾರೆ, ನಿಮ್ಮನ್ನು ಹತ್ತು ಮಿಲಿಗ್ರಾಂಗೆ ಇಳಿಸಿ ತಂದ ಆ ಯಜಮಾನರು ಇದ್ದಿದ್ದರೂ ಕಳಿಸುತ್ತಿರಲಿಲ್ಲ ಎಂದರು. ಅದು ನಿಜ. ಎರಡೂ ಅಂಗೈ ಊರಿ ನಿಲ್ಲುತ್ತಿದ್ದರು.

ಅವ್ವ, ಹೆಂಡತಿ ಹೋಗಿ ಬಂದರು. ಹಿತ್ತಿಲಲ್ಲಿ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಹೆಂಡತಿ ಮುಚ್ಚಿದ ಬಾಗಿಲಾಚೆ ಕುಳಿತು ಹೇಳಿದಳು. ರಸ್ತೆ ತುಂಬಿತ್ತಂತೆ. ಹಳ್ಳಿಗಳಿಂದ ಟೆಂಪೊ ಮಾಡಿಕೊಂಡು ಬಂದಿದ್ದರಂತೆ. ಹೆಚ್ಚಿನವರು ಮುದುಕಿಯರು. ಅವರಲ್ಲಿ ಒಬ್ಬಳು ಹೆಣದ ಕಾಲ ಬಳಿ ಕುಳಿತು ಎದೆ ಬಡಿದುಕೊಂಡು ಬಯ್ಯುತ್ತಿದ್ದಳಂತೆ: "ಒಂದಿನಾನಾದ್ರೂ ಕೇಳಿದ ಗುಳಿಗೆ ಕೊಟ್ಯೇನೋ ಅಪ್ಪಾ! ಮಂಡಿ ನೋವು ಅಂತ ಕಾಲಿಗೆ ಬಿದ್ರೂ ಕೊಡ್ಲಿಲ್ವಲ್ಲೋ! ಇನ್ನು ಯಾರು ಬೈದು ಕಳಸ್ತಾರೋ ನನ್ನ!" ಅವಳ ಸುತ್ತ ಇದ್ದವರೆಲ್ಲ ಹಾಗೇ ಬಯ್ಯುತ್ತ ಅಳುತ್ತಿದ್ದರಂತೆ. ಅವರೆಲ್ಲ ತಮ್ಮ ಕಾಲ ಮೇಲೆ ನಡೆದು ಬಂದಿದ್ದರು ಎಂದಳು ಹೆಂಡತಿ.

ಸಂಜೆ ಡೆಸ್ಕಿನಿಂದ ಗೆಳೆಯ ಫೋನ್ ಮಾಡಿದ. ನಿಧನ ವಾರ್ತೆ ಬಂದಿದೆ, ನಿನಗೆ ಪರಿಚಯದವರಲ್ಲವೇ, ಒಮ್ಮೆ ನೋಡು ಎಂದು ಕಳಿಸಿದ. ಐದು ಸಾಲು. ಹೆಸರು, ವಯಸ್ಸು, ವೃತ್ತಿ, ಅಂತ್ಯಕ್ರಿಯೆಯ ಸ್ಥಳ. ಕೊನೆಯಲ್ಲಿ ಎಲ್ಲ ನಿಧನ ವಾರ್ತೆಗಳಲ್ಲೂ ಇರುವ ಮಾತು: ಮೃತರು ಪತ್ನಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಡೆಸ್ಕಿನಲ್ಲಿ ಕುಳಿತ ಅಷ್ಟೂ ವರ್ಷ 'ಅಪಾರ'ವನ್ನು ನಾನು ಹೊಡೆದುಹಾಕಿದ್ದೇನೆ. ಯಾರೂ ಎಣಿಸಿ ಬರೆದದ್ದಲ್ಲ, ಬರೀ ಜಾಗ ತಿನ್ನುವ ಪದ ಎಂದು ಹೊಸಬರಿಗೂ ಕಲಿಸಿದ್ದೇನೆ.

ಎರಡು ಸಲ ಓದಿದೆ. ವಯಸ್ಸು ತಪ್ಪಾಗಿತ್ತು, ಸರಿಮಾಡಿದೆ. ಉಳಿದದ್ದನ್ನು ಮುಟ್ಟದೆ ಕಳಿಸಿದೆ.